ಹಿಂದಿನ ಆಕ್ಸಲ್

“ಕೈಲಾಗದಿದ್ರೆ ಮನೇಲಿ ಬಿದ್ದಿರು ಮಾವ. ಗಾಡಿ ಕೆಳಗೆ ಬಿದ್ಕೊಂಡು ಜನರನ್ನ ಯಾಕೆ ಸಾಯಿಸೋಕೆ ಹೋಗ್ತೀಯ?”

ಈ ಮಾತು ಬಿದ್ದಾಗ ಲಾರಿ ರಿಪೇರಿ ಶೆಡ್ಡಿನಲ್ಲಿ ಕೇಳಬಾರದವರೆಲ್ಲ ಇದ್ದರು. ಓನರ್ ಟೀ ಲೋಟ ಹಿಡಿದು ನಿಂತಿದ್ದ. ವೆಲ್ಡರ್ ಮುಖದ ಕವಚವನ್ನು ಹಣೆಗೇರಿಸಿಕೊಂಡು ಬೀಡಿಗೆ ಬೆಂಕಿ ಹುಡುಕುತ್ತಿದ್ದ. ಟೈರ್ ಕಳಚುತ್ತಿದ್ದ ಇಬ್ಬರು ಕೈ ನಿಲ್ಲಿಸಿದರು. ಆಗಷ್ಟೇ ಟ್ರೇಲರ್ ತಂದು ನಿಲ್ಲಿಸಿದ ಡ್ರೈವರ್ ಬಾನೆಟ್ಟಿಗೆ ಒರಗಿದ್ದ. ಟೀಗೆ ಸಕ್ಕರೆ ಸುರಿದುಕೊಳ್ಳುವುದರಲ್ಲಿ ಅವನಿಗೆ ಲೆಕ್ಕವೇ ಇರಲಿಲ್ಲ, ಅದಕ್ಕೇ ಎಲ್ಲರ ಬಾಯಲ್ಲೂ ಅವನು ‘ಸಕ್ಕರೆ’. ಸದಾ ಬಡಿದುಕೊಳ್ಳುವ ಕಂಪ್ರೆಸರ್ ಕೂಡ ಸರಿಯಾಗಿ ಆ ಹೊತ್ತಿಗೇ ತುಂಬಿ ಸುಮ್ಮನಾಯಿತು. ಹಾಗಾಗಿ ಒಂದಕ್ಷರವೂ ಯಾರ ಕಿವಿಗೂ ತಪ್ಪಲಿಲ್ಲ.

ಅಂದವನಿಗೆ ಶೆಡ್ಡಿನಲ್ಲಿ ಕೆಂಡ ಅಂತ ಹೆಸರು. ಅನ್ನಿಸಿಕೊಂಡವನು ಅವನ ತಾಯಿಯ ಅಣ್ಣ. ಸ್ಕೂಲಿಗೆ ಚಕ್ಕರ್ ಹೊಡೆದು ಬೀದಿ ಅಳೆಯುತ್ತಿದ್ದ ಅಳಿಯನನ್ನು ಕಿವಿ ಹಿಡಿದು ತಂದು, ಗ್ರೀಸಿನಲ್ಲಿ ಕೈ ಅದ್ದಿಸಿ, ಮೂರು ಹೊತ್ತು ಊಟಕ್ಕೆ ದಾರಿ ಮಾಡಿದ ಮಾವ. ಇವನು ಮಾವ ಮಾವ ಎಂದು ಕೂಗುವುದನ್ನು ಕೇಳಿ ಕೇಳಿ ಇಡೀ ಶೆಡ್ಡಿಗೇ ಅವನು ಮಾವನಾಗಿದ್ದ. ಓನರ್ ಕೂಡ ಮಾವ ಅನ್ನುತ್ತಿದ್ದ, ಬಂದ ಗಿರಾಕಿಗಳೂ ಮಾವ ಅನ್ನುತ್ತಿದ್ದರು.

ಮಾವ ಟ್ರೇಲರ್ ಕೆಳಗಿನಿಂದ ತೆವಳಿಕೊಂಡು ಹೊರಬಂದ. ಹಳೇ ಲಾರಿ ಟ್ಯೂಬು ಕತ್ತರಿಸಿ ಹೊಲಿದ ಚಾಪೆಯೊಂದಿತ್ತು ಅವನಿಗೆ. ಅದರ ಮೇಲೆ ಎದ್ದು ಕೂತ. ಒಂದು ಮಂಡಿ ಮಡಚುವುದಿಲ್ಲ, ಆದ್ದರಿಂದ ಏಳುವುದಕ್ಕೆ ಯಾವಾಗಲೂ ಚಕ್ರ ಹಿಡಿಯುತ್ತಿದ್ದ. ಇವತ್ತು ಚಕ್ರ ಕಾದು ಸುಡುತ್ತಿತ್ತು. ಕೆಂಡನ ಕಡೆ ಕೈ ಚಾಚಬಹುದಿತ್ತು. ಚಾಚಲಿಲ್ಲ. ಕೈಯೂರಿಕೊಂಡು ತಾನೇ ಎದ್ದ.

“ಸಕ್ಕರೆ, ಎಡಗಡೆ ಗಾಳಿ ಪೈಪು ಚಾಸಿಗೆ ಉಜ್ತಾ ಇದೆ, ಕಟ್ಟಿಸ್ಕೋ” ಎಂದ. ಸ್ಪ್ಯಾನರನ್ನು ಬೆಂಚಿನ ಮೇಲಿಟ್ಟ. ಬಟ್ಟೆಯಲ್ಲಿ ಬೆರಳು ಬೆರಳಾಗಿ ಕೈ ಒರೆಸಿಕೊಂಡ. ಗೇಟು ದಾಟಿ ಹೋದ.

“ಇವನ ಬಾಯಿಗೆ ಯಾರಾದ್ರೂ ಒಂದು ಬ್ರೇಕ್ ಲೈನರ್ ಹೊಡೀರಪ್ಪ” ಎಂದ ವೆಲ್ಡರ್. ಯಾರೂ ನಗಲಿಲ್ಲ.

ಕೆಂಡನ ಸಿಟ್ಟಿಗೆ ಕಾರಣ ಇರಲಿಲ್ಲ ಅಂತಲ್ಲ. ಅವನ ಸಿಟ್ಟಿಗೆ ಯಾವತ್ತೂ ಕಾರಣ ಇರುತ್ತಿತ್ತು, ಅದೇ ಅವನ ಗ್ರಹಚಾರ. ಸಕ್ಕರೆ ಅವತ್ತು ಭಾರ ತುಂಬಿದ ಟ್ರೇಲರ್ ಎಳೆದುಕೊಂಡು ಉದ್ದದ ಇಳಿಜಾರು ಇಳಿದಿದ್ದ. ಅರ್ಧಕ್ಕೆ ಬಂದಾಗ ಬ್ರೇಕ್ ಪೆಡಲ್ ತುಳಿದರೆ ಗಾಡಿ ಹೂಂ ಅನ್ನಲಿಲ್ಲ. ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದೆಳೆದು, ಕೊನೆಗೆ ರಸ್ತೆ ಪಕ್ಕದ ಮಣ್ಣುಗುಡ್ಡೆಗೆ ಚಕ್ರ ಉಜ್ಜಿ ನಿಲ್ಲಿಸಿದ್ದ. ಶೆಡ್ಡಿಗೆ ಬಂದಾಗ ಟ್ರೇಲರಿನ ಮುಂದಿನ ಆಕ್ಸಲಿನ, ಅಂದರೆ ಮುಂದಿನ ಚಕ್ರಗಳ ಅಚ್ಚಿನ, ಬ್ರೇಕ್ ಡ್ರಮ್ಮುಗಳು ಸುಟ್ಟು ನೀಲಿಯಾಗಿದ್ದವು, ಸೀದ ಲೈನರಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಹಿಂದಿನ ಆಕ್ಸಲಿನ ಡ್ರಮ್ಮುಗಳ ಮೇಲೆ ಕೈ ಇಟ್ಟರೆ ಬರೀ ಬೆಚ್ಚಗೆ. ಅಂದರೆ ಹಿಂದಿನದು ದುಡಿದೇ ಇಲ್ಲ. ಅದರ ಪಾಲಿನ ಕೆಲಸವನ್ನೂ ಮುಂದಿನದೇ ಹೊತ್ತು ಬೆಂದುಹೋಗಿತ್ತು.

ಲಾರಿ ಬ್ರೇಕು ಗಾಳಿಯಲ್ಲಿ ನಡೆಯುತ್ತದೆ. ಪೆಡಲ್ ತುಳಿದರೆ ಗಾಳಿ ಒಂದು ಕಂಬಿಯನ್ನು ತಳ್ಳುತ್ತದೆ, ಕಂಬಿ ಒಂದು ಕಬ್ಬಿಣದ ತೋಳನ್ನು ತಿರುಗಿಸುತ್ತದೆ, ತೋಳು ತಿರುಗಿದರೆ ಒಳಗಿನ ಶೂ, ಅಂದರೆ ಬಾಗಿದ ಎರಡು ಕಬ್ಬಿಣದ ತುಂಡು, ಅಗಲವಾಗಿ ಡ್ರಮ್ಮಿಗೆ ಒತ್ತುತ್ತದೆ. ಶೂ ಮೇಲಿನ ಲೈನರ್ ಸವೆದಷ್ಟೂ ಕಂಬಿ ಹೆಚ್ಚು ದೂರ ಓಡಬೇಕು. ಓಟ ಮಿತಿ ಮೀರಿದರೆ ಎಷ್ಟು ತುಳಿದರೂ ಅಷ್ಟೇ. ಅದಕ್ಕೇ ಆಗಾಗ ತೋಳನ್ನು ಬಿಗಿ ಮಾಡಬೇಕು. ಮಾವ ಜೀವನವಿಡೀ ಮಾಡಿದ್ದು ಅದನ್ನೇ. ಗಾಡಿ ಹೊರಡುವ ಮುಂಚೆ ಕೆಳಗೆ ಮಲಗಿ, ಕಂಬಿಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, “ತುಳಿಯೋ” ಅಂತ ಕೂಗಿ, ಗೆರೆ ಎಷ್ಟು ಓಡಿತು ಅಂತ ನೋಡಿ, ಸ್ಪ್ಯಾನರಿನಲ್ಲಿ ತಿರುವುತ್ತಿದ್ದ. ಎಲ್ಲ ಮುಗಿದ ಮೇಲೆ ರಿಮ್ಮಿಗೆ ಎರಡು ಸಲ ಟಕ್ ಟಕ್ ಅಂತ ಕುಟ್ಟುತ್ತಿದ್ದ. ಆ ಸದ್ದು ಕೇಳದೆ ಸಕ್ಕರೆ ಗೇರ್ ಹಾಕಿದವನೇ ಅಲ್ಲ. ಒಮ್ಮೆ ಮಾವನಿಗೆ ಜ್ವರ ಬಂದಾಗ ಕೆಂಡ ಕುಟ್ಟಿದ್ದಕ್ಕೆ, “ಇದು ಮಾವನ ಸದ್ದಲ್ಲ ಕಣೋ, ಇದು ಯಾರದೋ ಬಾಗಿಲು ತಟ್ಟಿದ ಹಾಗಿದೆ” ಎಂದು ಕೆಳಗಿಳಿದು ಬಂದು ಚಕ್ರ ಚಕ್ರವನ್ನೂ ತಾನೇ ನೋಡಿಕೊಂಡು ಹೋಗಿದ್ದ.

ಆಮೇಲೆ ಹೊಸ ತೋಳುಗಳು ಬಂದವು, ಲೈನರ್ ಸವೆದ ಹಾಗೆ ತಮ್ಮಷ್ಟಕ್ಕೆ ತಾವೇ ಬಿಗಿಯಾಗುವಂಥವು. ಶೆಡ್ಡಿನಲ್ಲಿ ಅದಕ್ಕೆ ಆಟೋ ಅನ್ನುತ್ತಿದ್ದರು. ಇಡೀ ಟ್ರೇಲರಿಗೆ ಆಟೋ ಹಾಕೋಣ ಅಂತ ಓನರಿನ ತಲೆ ತಿಂದವನು ಕೆಂಡ. ಓನರ್ ಅನುಮಾನದಿಂದ ಮಾವನ ಮುಖ ನೋಡಿದಾಗ ಮಾವ, “ಹುಡುಗ ಆರಿಸ್ಲಿ. ಅವನಿಗೆ ಗೊತ್ತು. ಏನಾದ್ರೂ ಆದ್ರೆ ನನ್ನ ಕೇಳಿ” ಎಂದಿದ್ದ. ಆ ಒಂದು ಮಾತಿನ ಮೇಲೆ ಸಾಮಾನು ಬಂತು. ಅತ್ತೆಯ ಕಣ್ಣಿನ ಆಪರೇಷನ್ ಅಂತ ಮಾವ ಆಸ್ಪತ್ರೆಯಲ್ಲಿದ್ದ ದಿನಗಳಲ್ಲೇ ಕೆಂಡ ಒಬ್ಬನೇ ಎಲ್ಲವನ್ನೂ ಕೂರಿಸಿ ಮುಗಿಸಿದ್ದ.

ಆಟೋ ತೋಳಿಗೆ ಸ್ಪ್ಯಾನರ್ ಹಾಕಬಾರದು. ಅದು ಸಡಿಲವಾಗುತ್ತಿದೆ ಅಂದರೆ ಬೇರೆಲ್ಲೋ ಕೆಟ್ಟಿದೆ ಅಂತ ಅರ್ಥ. ಬಿಚ್ಚಿ ನೋಡಬೇಕು. ಬಿಚ್ಚದೆ ಸುಮ್ಮನೆ ಬಿಗಿ ಮಾಡಿ ಕಳಿಸಿದರೆ ಅವತ್ತಿಗೆ ಸರಿ ಹೋಗುತ್ತದೆ, ರೋಗ ಒಳಗೇ ಉಳಿಯುತ್ತದೆ. ಕೆಂಡನಿಗೆ ಇದು ಗೊತ್ತಿತ್ತು. ಮಾವ ಮಾತ್ರ ದಿನಾ ಬೆಳಿಗ್ಗೆ ಹಿಂದಿನ ಆಕ್ಸಲ್ ಕೆಳಗೆ ಮಲಗಿ ಸ್ಪ್ಯಾನರ್ ತಿರುವುತ್ತಲೇ ಇದ್ದ. “ಅದು ಆಟೋ ಮಾವ, ಮುಟ್ಟಬೇಡ” ಎಂದರೆ, “ಅಭ್ಯಾಸ ಕಣೋ ಅಳಿಯಾ” ಎಂದು ಹಲ್ಲು ಬಿಡುತ್ತಿದ್ದ. ನೀಲಿಯಾದ ಡ್ರಮ್ ಕಂಡ ಕೂಡಲೇ ಕೆಂಡನ ತಲೆಯಲ್ಲಿ ಮೂಡಿದ್ದು ಅದೊಂದೇ. ಮುದುಕ ತಿರುವಿ ತಿರುವಿ ತೋಳಿನ ಒಳಗಿನ ಗೇರಿನ ಹಲ್ಲು ತಿಂದು ಹಾಕಿದ್ದಾನೆ.

ಮಾವ ಹೋದ ಮೇಲೆ ಕೆಂಡ ಹಿಂದಿನ ಆಕ್ಸಲಿಗೆ ಜಾಕ್ ಕೊಟ್ಟ. ಎಲ್ಲರೂ ಊಟಕ್ಕೆ ಕೂತಿದ್ದರು. ಆ ಸವೆದ ಹಲ್ಲನ್ನು ಬಿಚ್ಚಿ ತಂದು ಓನರಿನ ತಟ್ಟೆಯ ಪಕ್ಕದಲ್ಲೇ ಇಡಬೇಕು ಅಂತ ಹಟ. ಚಕ್ರ ಇಳಿಸಿದ, ತೋಳು ಕಳಚಿದ, ಬೆಂಚಿನ ಮೇಲೆ ಬಿಚ್ಚಿದ. ಬೆಳಕಿಗೆ ಹಿಡಿದ. ಹಲ್ಲುಗಳು ಎಲ್ಲೂ ಮುಕ್ಕಾಗದೆ ಹಾಗೇ ಇದ್ದವು.

ಹಾಗಾದರೆ?

ಮತ್ತೆ ಕೆಳಗೆ ನುಗ್ಗಿದ. ಆಟೋ ತೋಳಿಗೆ ಒಂದು ಚಿಕ್ಕ ಕಬ್ಬಿಣದ ಪಟ್ಟಿ ಆಸರೆ. ಅದು ಆಕ್ಸಲಿಗೆ ಕಚ್ಚಿಕೊಂಡು ತೋಳಿಗೆ ಎಷ್ಟು ತಿರುಗಬೇಕು ಅಂತ ಹೇಳಿಕೊಡುತ್ತದೆ. ಪಟ್ಟಿಯ ಕೋನ ತಪ್ಪಿದರೆ ತೋಳು ಕುರುಡಾದ ಹಾಗೆ. ಮುಂದಿನ ಆಕ್ಸಲಿನಲ್ಲಿ ಬಾಗಿದ ಪಟ್ಟಿ ಅಚ್ಚುಕಟ್ಟಾಗಿ ಕೂತಿತ್ತು. ಹಿಂದಿನದರಲ್ಲಿ ಅದೇ ಬಾಗಿದ ಪಟ್ಟಿ ಓರೆಯಾಗಿ, ಒತ್ತಾಯಕ್ಕೆ ಕೂತ ಹಾಗೆ ಕೂತಿತ್ತು. ಕೆಂಡ ಅಂಗೈಯಿಂದ ಆಕ್ಸಲಿನ ಮಣ್ಣು ಉಜ್ಜಿದ. ಕಪ್ಪು ಬಣ್ಣವನ್ನು ಸ್ಕ್ರೂಡ್ರೈವರಿನಲ್ಲಿ ಕೆರೆದ. ಕೆಳಗೆ ಅಚ್ಚೊತ್ತಿದ ಗುರುತು ಬೇರೆ ಇತ್ತು. ಮುಂದಿನ ಆಕ್ಸಲಿನದೇ ಬೇರೆ, ಇದರದೇ ಬೇರೆ. ಎರಡೂ ಒಂದೇ ಜಾತಿಯವಲ್ಲ. ಎಂದೋ ಹಿಂದಿನ ಆಕ್ಸಲ್ ಬಾಗಿಹೋದಾಗ ಗುಜರಿಯಿಂದ ಇನ್ನೊಂದನ್ನು ತಂದು ಹಾಕಿ, ಮೇಲೆ ಅದೇ ಕಪ್ಪು ಬಳಿದಿದ್ದಾರೆ. ಹಾಕಿದವನು ಇನ್ಯಾರು, ಮಾವನೇ.

ಸಾಮಾನಿನ ಅಂಗಡಿಯವನ ಮುಖ ಕಣ್ಣೆದುರು ಬಂತು. “ಎರಡೂ ಆಕ್ಸಲ್ ಒಂದೇನಾ? ಗುರುತು ನೋಡ್ಕೊಂಡು ಬಾರಪ್ಪ, ಪಟ್ಟೀಲಿ ಎರಡು ಥರ ಇದೆ, ಬಾಗಿದ್ದು ಒಂದು, ನೇರದ್ದು ಒಂದು” ಎಂದಿದ್ದ ಅವನು. ಅಂಗಡಿ ತುಂಬಾ ಜನ. ಕೆಂಡ ಎದೆ ಸೆಟೆಸಿಕೊಂಡು, “ಒಂದು ಗಾಡಿಗೆ ಎರಡು ಜಾತಿ ಆಕ್ಸಲ್ ಇರುತ್ತಾ ಅಣ್ಣ? ನಿಮ್ಮ ಎರಡು ಕಾಲೂ ಒಂದೇನಾ ಅಂತ ನಾನು ಕೇಳಿದ್ನಾ?” ಎಂದು ಎಲ್ಲರನ್ನೂ ನಗಿಸಿದ್ದ. ಆ ನಗು ಈಗ ಆಕ್ಸಲ್ ಕೆಳಗೆ ಅಂಗಾತ ಮಲಗಿದ್ದವನ ಎದೆಯ ಮೇಲೆ ಬಂದು ಕೂತಿತು.

ಈ ಆಕ್ಸಲಿಗೆ ನೇರ ಪಟ್ಟಿ ಬೇಕಿತ್ತು. ಎಲ್ಲಾದರೂ ಹಳೇದು ಇದ್ದೀತು ಎಂದು ಮಾವನ ತಗಡಿನ ಪೆಟ್ಟಿಗೆ ತೆರೆದ. ಸೀಮೆಸುಣ್ಣದ ತುಂಡುಗಳು, ಪಿನ್ನುಗಳು, ಒಂದು ಬಾಚಣಿಗೆ. ತಳದಲ್ಲಿ ಎಣ್ಣೆಬಟ್ಟೆಯಲ್ಲಿ ಸುತ್ತಿದ್ದ ಒಂದು ಗಂಟು. ಬಿಚ್ಚಿದರೆ ಎರಡು ನೇರ ಪಟ್ಟಿಗಳು. ಹೊಚ್ಚ ಹೊಸವು. ಹಿಂದಿನ ಆಕ್ಸಲಿನ ಎರಡೂ ಬದಿಗೆ ಬೇಕಾದಷ್ಟೇ.

 ಮಾವನಿಗೆ ಗೊತ್ತಿತ್ತು. ಆಸ್ಪತ್ರೆಯಿಂದ ಬಂದ ದಿನವೇ ಕಂಡುಹಿಡಿದಿರಬೇಕು. ಬಾಯಿ ಬಿಡದೆ ಸರಿಯಾದ ಪಟ್ಟಿ ತಂದಿಟ್ಟುಕೊಂಡು, ಚಕ್ರ ಬಿಚ್ಚಿ ಬದಲಾಯಿಸಿದರೆ ಅಳಿಯನ ತಪ್ಪು ನಾಲ್ಕು ಜನಕ್ಕೆ ಕಾಣುತ್ತದೆ ಅಂತ ದಿನಾ ಬೆಳಿಗ್ಗೆ ಆ ಮಡಚದ ಮಂಡಿ ಇಟ್ಟುಕೊಂಡು ಕೆಳಗೆ ತೆವಳಿ, ಕುರುಡು ತೋಳನ್ನು ಕೈಯಿಂದ ಬಿಗಿ ಮಾಡುತ್ತಿದ್ದ.

ಆಗಲಾದರೂ ಅವನು ಊಟಕ್ಕೆ ಕೂತಿದ್ದವರ ಮುಂದೆ ಹೋಗಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಬೈಯುವಾಗ ಬೆಂಕಿ ಉಗುಳುವ ಬಾಯಿ ಒಪ್ಪಿಕೊಳ್ಳುವಾಗ ಹೊಲಿದುಕೊಂಡಿತು. ಕದ್ದವನ ಹಾಗೆ ಎರಡೂ ಪಟ್ಟಿ ಕೂರಿಸಿದ, ಚಕ್ರ ಏರಿಸಿದ, ಮುಂದಿನ ಆಕ್ಸಲಿಗೆ ಹೊಸ ಡ್ರಮ್ಮು, ಹೊಸ ಲೈನರ್ ಹಾಕಿದ. ಸಕ್ಕರೆ ಒಂದು ಸುತ್ತು ಓಡಿಸಿ ಬಂದು, “ತುಳಿದ್ರೆ ಮೂಗು ಗಾಜಿಗೆ ಬಡೀತು ಕಣ್ರೋ!” ಎಂದ.

“ಹಂಗಾದ್ರೆ ಕೆಂಡ ಹೇಳಿದ್ದು ನಿಜ” ಎಂದ ಓನರ್. “ಮಾವನ ಕೈ ಹೋಗಿತ್ತು. ಪಾಪ, ವಯಸ್ಸು.”

ಟೈರ್ ಹುಡುಗರೂ ತಲೆ ಆಡಿಸಿದರು. ಕೆಂಡ ಕೈ ತೊಳೆಯಲು ಹೋದ. ಸೋಪು ಮುಗಿಯುವವರೆಗೂ ತೊಳೆದ.

ದಿನಗಳು ಉರುಳಿದವು. ಮಾವ ಬರಲಿಲ್ಲ. ಶೆಡ್ಡಿನಲ್ಲಿ ‘ಮಾವ’ ಹೋಗಿ ‘ಮುದುಕ’ ಬಂತು. ಯಾವ ನಟ್ಟು ಸಿಗದಿದ್ದರೂ ಮುದುಕ ಎಲ್ಲಿಟ್ಟನೋ, ಯಾವ ಗಾಡಿ ಕೆಟ್ಟು ಬಂದರೂ ಮುದುಕ ಏನು ಮಾಡಿದ್ದನೋ. ಸಕ್ಕರೆ ಮಾತ್ರ ಹಾಗನ್ನಲಿಲ್ಲ. “ಇಷ್ಟು ವರ್ಷ ನನ್ನ ಹೆಂಡತಿ ಮಕ್ಕಳು ಊಟ ಮಾಡಿದ್ದು ಆ ಮನುಷ್ಯನ ಕೈಯಿಂದ. ಒಂದು ಸಲ ತಪ್ಪಿದ್ರೆ ತಪ್ಪಲಿ ಬಿಡ್ರಯ್ಯ” ಎನ್ನುತ್ತಿದ್ದ. ಕೆಂಡ ಕೇಳಿಸಿಕೊಂಡು ಗಾಡಿ ಕೆಳಗೆ ಸರಿಯುತ್ತಿದ್ದ. ಅಲ್ಲಿ ಯಾರಿಗೂ ಮುಖ ಕಾಣುವುದಿಲ್ಲ.

ಕೊನೆಗೊಂದು ಸಂಜೆ ಮಾವನ ಮನೆಗೆ ಹೋದ. ಅತ್ತೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು, ಆಪರೇಷನ್ ಆದ ಕಣ್ಣಿಗೆ ಇನ್ನೂ ಕಪ್ಪು ಕನ್ನಡಕ. ಮಾವ ಹಿತ್ತಿಲ ಬಾಗಿಲ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದ. ಕೆಂಡ ನಿಂತಲ್ಲೇ ತೊದಲಿದ. ಪಟ್ಟಿ ತಪ್ಪು ನಂದು, ಆಕ್ಸಲ್ ಗುರುತು ನಾನು ನೋಡಲಿಲ್ಲ, ನೀನು ತಂದಿಟ್ಟದ್ದನ್ನೇ ಹಾಕಿದೆ, ತಪ್ಪಾಯ್ತು ಮಾವ.

ಮಾತಾಡಿದ್ದು ಅತ್ತೆ. ಚಾಕು ಕೆಳಗಿಡದೆ.

“ಬೈಯೋಕೆ ಊರೆಲ್ಲ ಬೇಕಾಗಿತ್ತು. ತಪ್ಪಾಯ್ತು ಅನ್ನೋಕೆ ನನ್ನ ಅಡುಗೆಮನೆ ಸಾಕಾಯ್ತೇನೋ?”

“ಅತ್ತೆ…”

“ಅತ್ತೆಯಂತೆ ಅತ್ತೆ! ಈ ಮನುಷ್ಯ ರಾತ್ರಿಯೆಲ್ಲ ಮಂಡಿಗೆ ಎಣ್ಣೆ ಉಜ್ಜಿಸ್ಕೊಳ್ಳೋರು. ಹೇಳ್ಬಿಡ್ರೀ ಅವನಿಗೆ ಅಂದ್ರೆ, ‘ಅವನೇ ಕಂಡ್ಕೊಳ್ಳಲಿ ಕಣೇ, ನಾನು ಹೇಳಿದ್ರೆ ಸ್ಪ್ಯಾನರ್ ಬಿಸಾಕಿ ಮತ್ತೆ ಬೀದಿಗೆ ಹೋಗ್ತಾನೆ’ ಅನ್ನೋರು. ನಿನ್ನ ಮೂಗಿನ ತುದೀಲಿ ಕೂತಿರೋ ಸಿಟ್ಟಿಗೆ ನನ್ನ ಗಂಡ ಹೆದರ್ಕೊಂಡು ಬದುಕಬೇಕಿತ್ತಲ್ಲೋ!”

“ಸಾಕು ಬಿಡೇ” ಎಂದ ಮಾವ. ಆಮೇಲೆ ಅಳಿಯನನ್ನು ನೋಡದೆ, ತನ್ನ ಅಂಗೈ ನೋಡುತ್ತಾ, “ನಿನ್ನ ತಪ್ಪು ಒಂದು ಪಟ್ಟಿ ಕಣೋ. ಬದಲಾಯಿಸಿದೆ, ಮುಗೀತು. ನಂದು ಹಾಗಲ್ಲ. ಗೊತ್ತಿದ್ದೂ ಕಳಿಸಿದೆ. ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತ ತಳ್ತಾ ಬಂದೆ. ದಿನಾ ಬಿಗಿ ಮಾಡ್ತೀನಲ್ಲ, ಏನಾಗುತ್ತೆ ಅಂದ್ಕೊಂಡೆ. ಅವತ್ತು ಸಕ್ಕರೆ ದಾರೀಲೇ ಇನ್ನೊಂದು ಲೋಡ್ ಹಾಕ್ಕೊಂಡು ಇಲ್ಲಿಗೆ ಬರದೆ ಇನ್ನೂ ದೂರ ಹೋಗ್ತಾನೆ ಅಂತ ನನಗೇನು ಗೊತ್ತು? ಬಿಗಿ ಮಾಡಿದ್ದು ಅಷ್ಟು ದೂರ ಬಾಳಲಿಲ್ಲ” ಎಂದ.

“ನಾನು ಎಲ್ಲರ ಮುಂದೆ ಹೇಳ್ತೀನಿ ಮಾವ.”

“ಏನೂ ಹೇಳ್ಬೇಡ. ನಾಳೆ ಬಂದು ನನ್ನ ಸಾಮಾನು ತಗೊಂಡು ಹೋಗ್ತೀನಿ. ಸುಮ್ನಿರು.”

ಮಾವನದು ಸಂಕೋಚ ಅಂತ ಕೆಂಡ ತಿಳಿದ. ಅತ್ತೆಯ ಮಾತು ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಬೇರೇನೂ ಒಳಗೆ ಇಳಿಯಲಿಲ್ಲ.

ಮಾರನೇ ಬೆಳಿಗ್ಗೆ ಮಾವ ಒಂದು ಖಾಲಿ ಚೀಲ ಹಿಡಿದು ಬಂದ. ಗೇಟಿನಲ್ಲಿ ಮೊದಲು ಕಂಡವನು ಸಕ್ಕರೆ. ಟೀ ಲೋಟ ಬಿಸಾಕಿ ಓಡಿಬಂದು ಚೀಲ ಕಿತ್ತುಕೊಂಡ.

“ಎಲ್ಲಿ ತಗೊಂಡು ಹೋಗ್ತೀರಾ ಸಾಮಾನು? ಬಿಡಲ್ಲ ನಾನು. ನೀವು ಟಕ್ ಟಕ್ ಅನ್ನದೆ ನನಗೆ ರಸ್ತೇಲಿ ನಿದ್ದೆ ಬರ್ತಿಲ್ಲ ಮಾವ!”

“ರಸ್ತೇಲಿ ನಿದ್ದೆ ಬರದೇ ಇದ್ರೆ ಒಳ್ಳೇದಲ್ವೇನೋ” ಎಂದ ವೆಲ್ಡರ್. ಎಲ್ಲರೂ ನಕ್ಕರು. ಮಾವನ ತುಟಿಯಂಚೂ ಅಲುಗಿತು.

ಓನರ್ ಹೊರಗೆ ಬಂದ. “ಮಾವ, ಆಗಿದ್ದು ಆಗೋಯ್ತು. ಭಾರದ ಕೆಲಸ ಹುಡುಗರು ಮಾಡ್ಲಿ. ನೀವು ಗಾಡಿ ಹೊರಡೋ ಮುಂಚೆ ಒಂದು ಕಣ್ಣು ಹಾಯ್ಸಿ, ಸಾಕು. ಬನ್ನಿ.”

ಟೈರ್ ಹುಡುಗನೊಬ್ಬ ಒಳಗಿನಿಂದ ಟ್ಯೂಬಿನ ಚಾಪೆ ತಂದು ಸಕ್ಕರೆಯ ಟ್ರೇಲರ್ ಪಕ್ಕದಲ್ಲಿ ಹಾಸಿದ. ಮಾವ ಅದನ್ನು ನೋಡಿದ. ಟ್ರೇಲರ್ ನೋಡಿದ. ಜೇಬಿಗೆ ಕೈ ಹಾಕಿ ಸೀಮೆಸುಣ್ಣ ಹುಡುಕಿದ. ಹುಡುಕಿದ ಅಂದರೆ ಬರುತ್ತಾನೆ ಅಂತಲೇ ಲೆಕ್ಕ. ಆ ಒಂದು ಗಳಿಗೆ ಕೆಂಡ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

“ಎಲ್ಲರೂ ಕೇಳಿ” ಎಂದ ಕೆಂಡ.

 ಬೆಂಚಿನ ಹತ್ತಿರದಿಂದ ನಡುವೆ ಬಂದು ನಿಂತ. “ಅವತ್ತು ನಾನು ಮಾವಂಗೆ ಅಂದಿದ್ದು ಸುಳ್ಳು. ಮಾವನ ಕೈ ಹೋಗಿರಲಿಲ್ಲ. ಹಿಂದಿನ ಆಕ್ಸಲಿಗೆ ತಪ್ಪು ಪಟ್ಟಿ ಹಾಕಿದ್ದು ನಾನು. ಅಂಗಡಿಯವನು ನೋಡ್ಕೊಂಡು ಬಾ ಅಂದ್ರೂ ನೋಡ್ಲಿಲ್ಲ. ಆಮೇಲೆ ಯಾರಿಗೂ ಹೇಳದೆ ಬದಲಾಯಿಸ್ದೆ. ನೀವೆಲ್ಲ ಮುದುಕ ಮುದುಕ ಅಂದಾಗ ಸುಮ್ನಿದ್ದೆ.”

ಓನರಿನ ಹುಬ್ಬು ಮೇಲೇರಿತು. ಮಾವ ಅಳಿಯನ ಕಡೆ ತಿರುಗಿ ತಲೆ ಅಲ್ಲಾಡಿಸಿದ. ಬೇಡ ಅನ್ನುವ ಹಾಗೆ. ಕೆಂಡನಿಗೆ ಅದೂ ಮಾವನ ದೊಡ್ಡತನ ಅಂತಲೇ ಕಂಡಿತು. ಆ ದೊಡ್ಡತನವನ್ನು ಎಲ್ಲರಿಗೂ ತೋರಿಸಿಬಿಡಬೇಕು ಅನ್ನಿಸಿತು. ಕಣ್ಣು ತುಂಬಿಕೊಂಡು ಬಂತು, ನಾಲಿಗೆ ಹಿಡಿತ ತಪ್ಪಿ ಓಡಿತು.

“ಮಾವಂಗೆ ಮೊದಲಿಂದ ಗೊತ್ತಿತ್ತು. ಸರಿಯಾದ ಪಟ್ಟಿ ತಂದು ಪೆಟ್ಟಿಗೇಲಿ ಇಟ್ಕೊಂಡಿದ್ದ. ನನ್ನ ಮಾನ ಹೋಗಬಾರದು ಅಂತ ಒಬ್ಬರಿಗೂ ಹೇಳದೆ, ದಿನಾ ಕೆಳಗೆ ಮಲಗಿ ಕೈಯಲ್ಲೇ ಬಿಗಿ ಮಾಡಿ ಮಾಡಿ ಕಳಿಸ್ತಿದ್ದ. ಅಂಥಾ ಮನುಷ್ಯನಿಗೆ ನಾನು…”

 ಮೂಗೊರೆಸಿಕೊಂಡು ತಲೆ ಎತ್ತಿದ. ಯಾರೂ ಅವನನ್ನು ನೋಡುತ್ತಿರಲಿಲ್ಲ. ಎಲ್ಲರೂ ಸಕ್ಕರೆಯನ್ನು ನೋಡುತ್ತಿದ್ದರು.

ಸಕ್ಕರೆಯ ಕೈಯಲ್ಲಿ ಇನ್ನೂ ಮಾವನ ಖಾಲಿ ಚೀಲ ಇತ್ತು. ಮುಖದಲ್ಲಿದ್ದ ನಗು ಎಲ್ಲಿ ಹೋಗಬೇಕೆಂದು ತಿಳಿಯದೆ ಅಲ್ಲೇ ಸಿಕ್ಕಿಕೊಂಡಿತ್ತು.

“ಗೊತ್ತಿತ್ತಾ ಮಾವ?” ಎಂದ. ದನಿ ಏರಲಿಲ್ಲ. “ಹಿಂದಿಂದು ಹಿಡಿಯಲ್ಲ ಅಂತ ಗೊತ್ತಿದ್ದೂ ಟಕ್ ಟಕ್ ಅಂದ್ರಾ?”

ಕೆಂಡನಿಗೆ ತಾನು ಮಾಡಿದ್ದು ಏನೆಂದು ಆಗ ತಿಳಿಯಿತು. ನಿನ್ನೆ ಸಂಜೆ ಹಿತ್ತಿಲ ಮೆಟ್ಟಿಲ ಮೇಲೆ ಮಾವ ಹೇಳಿದ್ದೆಲ್ಲ ಒಂದೊಂದಾಗಿ ಈಗ ಕಿವಿಗೆ ಬಿತ್ತು.

“ಇಲ್ಲ ಸಕ್ಕರೆ, ಹಾಗಲ್ಲ ಅದು…”

“ನೀನು ಬಾಯ್ಮುಚ್ಚೋ. ನಾನು ಮಾವನ್ನ ಕೇಳ್ತಿದ್ದೀನಿ. ಆ ಇಳಿಜಾರಲ್ಲಿ ಕೆಳಗಿಂದ ಮಕ್ಕಳ ಬಸ್ಸು ಹತ್ತಿ ಬರ್ತಿತ್ತು. ನಾನು ಅವತ್ತಿಂದ ಯಾರಿಗೂ ಅದನ್ನ ಹೇಳಿಲ್ಲ, ಮಾವಂಗೆ ಕೆಟ್ಟ ಹೆಸರು ಬರುತ್ತೆ ಅಂತ. ಹೇಳಿ ಮಾವ. ನಿಮಗೆ ಗೊತ್ತಿತ್ತಾ?”

ಮಾವ ಸಕ್ಕರೆಯ ಕೈಯಿಂದ ಚೀಲ ತೆಗೆದುಕೊಂಡ. ಪೆಟ್ಟಿಗೆಯ ಹತ್ತಿರ ಹೋಗಲಿಲ್ಲ. ಬೆಂಚಿನ ಮೇಲಿನ ಸ್ಪ್ಯಾನರ್ ಮುಟ್ಟಲಿಲ್ಲ. ಚಕ್ರ ಹಿಡಿದು ಬಗ್ಗಿ, ಹಾಸಿದ್ದ ಚಾಪೆಯನ್ನು ಸುರುಳಿ ಸುತ್ತಿದ. ಸುತ್ತಿದ್ದು ಸಡಿಲವಾಯಿತು ಅಂತ ಬಿಡಿಸಿ ಮತ್ತೆ ಸುತ್ತಿದ. ಚೀಲಕ್ಕೆ ತುರುಕಿ ಹೆಗಲಿಗೇರಿಸಿದ. ಕೆಂಡ ಎರಡು ಹೆಜ್ಜೆ ಮುಂದೆ ಬಂದು “ಮಾವ” ಎಂದ. ಸಕ್ಕರೆ ಇನ್ನೂ ಅಲ್ಲೇ ನಿಂತು ಕಾಯುತ್ತಿದ್ದ.

ಮಾವ ಒಂದು ಕಾಲೆಳೆಯುತ್ತಾ, ಇಬ್ಬರನ್ನೂ ದಾಟಿಕೊಂಡು ಗೇಟಿನ ಕಡೆ ನಡೆದ.